ಒಬ್ಬೊಬ್ಬರಿಗೆ ಒಂದೊಂದು ಟವಲು

ಹೊಸೂರಿನ ನಮ್ಮ ಬಾಡಿಗೆ ಮನೆಯ ಹಿತ್ತಲ ಗೋಡೆಯಲ್ಲಿ ನೀರಿನ ಮೋಟಾರಿನ ಸ್ವಿಚ್ಚು ಇದೆ. ಅದರ ಪಕ್ಕದಲ್ಲಿ ಸಾಲಾಗಿ ಮೂರು ಮೊಳೆಗಳಿವೆ. ಸ್ವಿಚ್ಚು ಮನೆಯ ಯಜಮಾನರದು, ಮೊಳೆಗಳು ನನ್ನವು. ಹೊಸ ಸುಣ್ಣ ಹೊಡೆಸಿದ ಗೋಡೆಗೆ ಕೇಳದೆ ಮೊಳೆ ಹೊಡೆದಳೆಂದು ಯಜಮಾನರು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮನೆಗೆ ಬಂದವರು ಅವನ್ನು ನೋಡಿ, ಇಲ್ಲಿ ಕ್ಯಾಲೆಂಡರ್ ಇತ್ತೇ, ದೇವರ ಪಟವಿತ್ತೇ ಎಂದು ಕೇಳುವುದುಂಟು. ಟವಲು ನೇತುಹಾಕುವುದಕ್ಕೆ ಎಂದರೆ, ಬಚ್ಚಲು ಅಷ್ಟು ದೂರ ಇರುವಾಗ ಇಲ್ಲೇಕೆ ಟವಲು ಎಂಬ ಮುಂದಿನ ಪ್ರಶ್ನೆ ಅವರ ಮುಖದಲ್ಲಿ ಮೂಡುತ್ತದೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ನೀವು ಆಪ್ತರು, ಕಾಫಿಯೂ ಆಗಿದೆ, ಆದ್ದರಿಂದ ಹೇಳುತ್ತೇನೆ.

ಹೇಳಬೇಕಾದರೆ ಮುನಿರಾಜ ಮಾವನಿಂದ ಆರಂಭಿಸಬೇಕು. ಅಮ್ಮನ ಬೆನ್ನಿಗೆ ಬಿದ್ದ ತಮ್ಮ. ಕೆಲಮಂಗಲದ ಹತ್ತಿರದ ನಮ್ಮೂರಿನಲ್ಲಿ ನಮ್ಮ ಹೊಲದ ಪಕ್ಕವೇ ಅವನ ಹೊಲ. ವಾರಕ್ಕೆ ಆರು ದಿನ ಹೊಸೂರಿನ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸು ನಡೆಸುತ್ತಾನೆ, ಏಳನೆಯ ದಿನ ರಾಗಿಗೋ ಟೊಮೇಟೋಗೋ ಆಳಾಗುತ್ತಾನೆ. ಅವನಿಗೆ ಒಂದು ವಿಚಿತ್ರ ಅಭ್ಯಾಸ. ನಮ್ಮ ಮನೆಗೆ ಬಂದಾಗ ಕರೆಂಟಿನದು ಯಾವುದನ್ನೇ ಮುಟ್ಟುವ ಮೊದಲು, ಮಿಕ್ಸಿಯಿರಲಿ, ಇಸ್ತ್ರಿ ಪೆಟ್ಟಿಗೆಯಿರಲಿ, ನಿಂತಿರುವ ಫ್ಯಾನೇ ಇರಲಿ, ನನ್ನ ಕಡೆ ತಿರುಗಿ "ಪದ್ದವ್ವಾ, ಕೈ ಇಡ್ಬೋದಾ?" ಎಂದು ಕೇಳುತ್ತಾನೆ. ಮೂವತ್ತೈದು ದಾಟಿದ, ಟನ್ನುಗಟ್ಟಲೆ ಒತ್ತುವ ಯಂತ್ರದ ಬಾಯಿಗೆ ದಿನಕ್ಕೆ ಸಾವಿರ ಸಲ ತಗಡು ಉಣಿಸುವ ಗಂಡಸು ಚಟ್ನಿ ರುಬ್ಬುವ ಮಿಕ್ಸಿಗೆ ಅಪ್ಪಣೆ ಕೇಳುವುದನ್ನು ಕಂಡು ನನ್ನ ಗಂಡನಿಗೆ ನಗುವೋ ನಗು. ನಾನು ಮಾತ್ರ ನಗುವುದಿಲ್ಲ.

ನಮ್ಮ ಕಡೆಯ ಬಾವಿಗಳನ್ನು ನೀವು ನೋಡಿರಬಹುದು. ಬಂಡೆ ಸೀಳಿ ತೋಡಿದ ದೊಡ್ಡ ಚೌಕದ ಬಾವಿ, ಇಳಿಯಲು ಕಲ್ಲಿನ ಮೆಟ್ಟಿಲು, ಎರಡಾಳು ಆಳದಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಪಂಪು ಮತ್ತು ಮೋಟಾರು. ಅದನ್ನು ಓಡಿಸುವ ಸ್ಟಾರ್ಟರು ಪೆಟ್ಟಿಗೆ ಮಾತ್ರ ಮೇಲಿನ ಗುಡಿಸಲಲ್ಲಿ. ಹಸಿರು ಗುಂಡಿ ಒತ್ತಿದರೆ ಕೆಳಗೆ ಮೋಟಾರು ಗುರ್ ಎನ್ನುತ್ತದೆ, ಒತ್ತಿದವರಿಗೆ ಕೆಳಗೇನಿದೆ, ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ತಿಂಗಳಿಗೊಮ್ಮೆಯಾದರೂ ಯಾರಾದರೂ ಇಳಿದು, ಪಂಪಿನ ತಿರುಗುವ ಸರಳಿನ ಸುತ್ತ ನೀರು ಸೋರದಂತೆ ಗ್ರೀಸು ಮೆತ್ತಿದ ದಾರವನ್ನು ಬೆರಳಿನಿಂದಲೇ ತುರುಕಬೇಕು. ಆ ಹೊತ್ತಿನಲ್ಲಿ ಮೇಲಿದ್ದವರು ಗುಂಡಿ ಒತ್ತಿದರೆ ಬೆರಳು ದಾರದ ಜೊತೆಗೇ ಸುತ್ತಿಕೊಳ್ಳುತ್ತದೆ. ಅದಕ್ಕೇ ಎಪ್ಪತ್ತರ ದಶಕದಲ್ಲಿ ಕರೆಂಟಿನ ಪಂಪುಗಳು ಬಂದ ಹೊಸತರಲ್ಲೇ ನಮ್ಮ ಬಾವಿಯ ಮೇಲೆ ಒಂದು ಪದ್ಧತಿಯೂ ಬಂದಿತ್ತು: ಇಳಿಯುವಾಗ ಸ್ಟಾರ್ಟರಿನ ಮೇಲೆ ಒಂದು ಟವಲು ಹಾಕುವುದು. ಟವಲು ಇದ್ದರೆ ಕೆಳಗೆ ಆಳಿದೆ, ಗುಂಡಿ ಮುಟ್ಟಬೇಡಿ ಎಂದರ್ಥ.

ಆ ದಿನ ನಾನು ಶಾಲೆಯಲ್ಲಿದ್ದೆ. ಆದರೂ ಕಣ್ಣಾರೆ ಕಂಡಂತೆ ಹೇಳಬಲ್ಲೆ, ಅಷ್ಟು ಸಲ ಕೇಳಿದ್ದೇನೆ. ಅಪ್ಪ, ಮಾವ ಇಬ್ಬರೂ ಬಾವಿಗೆ ಇಳಿದಿದ್ದರು. ಸ್ಟಾರ್ಟರಿನ ಮೇಲೆ ಇದ್ದದ್ದು ಮಾವನ ಕೆಂಪಂಚಿನ ಟವಲು. ಗ್ರೀಸು ಸಾಲದೆ ಬಂದು, ತರಲು ಮಾವ ಮೇಲೆ ಹತ್ತಿದ. ಬೆವರು ಸುರಿಯುತ್ತಿತ್ತು, ಕಣ್ಣೆದುರಿಗೆ ತನ್ನದೇ ಟವಲಿತ್ತು. ತೆಗೆದು ಮುಖ ಒರೆಸಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಅದರಲ್ಲಿ ತಪ್ಪೇನು ಹೇಳಿ, ಅವನ ಟವಲು, ಅವನ ಬೆವರು. ಆಚೆಯಿಂದ ಅಮ್ಮ ಬಂದಳು. ಕರೆಂಟು ಬರುವುದೇ ಅಪರೂಪ, ಹೊತ್ತು ಮೀರುತ್ತಿದೆ, ನಾಟಿ ಹಾಕಿದ ಮೆಣಸಿನ ಸಸಿ ಬಾಡುತ್ತಿದೆ. ನೋಡಿದಳು, ಟವಲಿಲ್ಲ. ಒತ್ತಿದಳು.

ಮೋಟಾರು ಮಿಸುಕಲಿಲ್ಲ. ಎರಡು ನಿಮಿಷಕ್ಕೆ ಮೊದಲಷ್ಟೇ ಕರೆಂಟು ಹೋಗಿತ್ತು. ಅಮ್ಮ ಸೊಂಟಕ್ಕೆ ಕೈಯಿಟ್ಟು ಕರೆಂಟಿನವರ ವಂಶವನ್ನೆಲ್ಲ ಎತ್ತಿ ಬೈಯತೊಡಗಿದಳು. ಬೈಗುಳ ಕೇಳಿ ಬಾವಿಯೊಳಗಿಂದ ಅಪ್ಪನ ದನಿ ಬಂತು: "ಯಾರ್‍ನಮ್ಮೀ ಅಂಗ್ ಬಯ್ತಿದ್ದೀಯಾ?"

ಅಮ್ಮ ಅಲ್ಲೇ ಕುಸಿದು ಕೂತಳಂತೆ. ಅಂದಿನಿಂದ ಇಂದಿನವರೆಗೆ ಅವಳು ಕರೆಂಟಿನವರನ್ನು ಬೈದದ್ದಿಲ್ಲ. ನೆರೆಯವರು ಬೈದರೆ, "ಬುಡ್ರವ್ವ, ಅವ್ರೂ ಮಕ್ಳೊಂದಿಗರು" ಎಂದು ಅವರ ಪರ ವಹಿಸುತ್ತಾಳೆ. ಅದೇ ಸಂಜೆ ಗುಡಿಸಲಿನ ಕಂಬಕ್ಕೆ ತಾನೇ ಮೂರು ಮೊಳೆ ಹೊಡೆದು ಕಾನೂನು ಮಾಡಿದಳು. ಇಳಿಯುವವರು ಒಬ್ಬೊಬ್ಬರೂ ತಮ್ಮ ತಮ್ಮ ಟವಲು ಹಾಕಬೇಕು, ಹತ್ತಿ ಬಂದವರು ತಮ್ಮದನ್ನಷ್ಟೇ ತೆಗೆಯಬೇಕು, ಮೊಳೆಗಳೆಲ್ಲ ಬರಿದಾಗದೆ ಹಸಿರು ಗುಂಡಿಯ ಹತ್ತಿರ ಯಾರೂ ಸುಳಿಯಬಾರದು. ಅಪ್ಪ ಮಾವನಿಗೆ ಏನೂ ಅನ್ನಲಿಲ್ಲವಂತೆ. ಮಾವ ಮಾತ್ರ ಹದಿನೈದು ದಿನ ನಮ್ಮ ಮನೆಯಲ್ಲಿ ಉಣ್ಣಲಿಲ್ಲ.

ಇನ್ನು ನನ್ನ ಕತೆ. ಕೃಷ್ಣಗಿರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ ಮಾವನಿದ್ದ ಕಾರ್ಖಾನೆಯಲ್ಲೇ ನನಗೂ ಕೆಲಸ ಸಿಕ್ಕಿತು. ಅವನು ದೊಡ್ಡ ಶೆಡ್ಡಿನಲ್ಲಿ, ನಾನು ಅದರ ಮೂಲೆಯ ಗಾಜಿನ ಕೋಣೆಯಲ್ಲಿ. ಅಲ್ಲಿ ಸೌಂದರರಾಜನ್ ಎಂಬ ಇಂಜಿನಿಯರು, ಸೇಲಂ ಕಡೆಯವರು, ನಾವಿಬ್ಬರೇ ಸೇರಿ ಪ್ರೆಸ್ಸಿಗೊಂದು ಹೊಸ ಪೆಟ್ಟಿಗೆ ಮಾಡುತ್ತಿದ್ದೆವು. ಪ್ರೆಸ್ಸು ಇಳಿಯಬೇಕಾದರೆ ಆಳು ಎರಡು ಕೈಯಿಂದ ಎರಡು ಬಟನ್ನನ್ನು ಒಟ್ಟಿಗೆ ಒತ್ತಿ ಹಿಡಿದಿರಬೇಕು; ಒಂದು ಕೈ ಬಿಟ್ಟರೂ ಅದು ಇಳಿಯಕೂಡದು. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಯಂತ್ರದ ಬಾಯೊಳಗೆ ಕೈ ಇರುವುದಕ್ಕೆ ಆಗುವುದಿಲ್ಲವಲ್ಲ, ಅದೇ ಉಪಾಯ. ಅಲ್ಲಿಯವರೆಗೆ ಈ ಕಾವಲನ್ನು ಕಬ್ಬಿಣದ ಸರಳುಗಳು, ಸ್ಪ್ರಿಂಗುಗಳು ಮಾಡುತ್ತಿದ್ದವು. ಇನ್ನು ಮುಂದೆ ಹೆಬ್ಬೆರಳಗಲದ ಒಂದು ಚಿಪ್ಪು ಮಾಡಬೇಕಿತ್ತು, ಚಿಪ್ಪಿಗೆ ಬುದ್ಧಿ ಹೇಳುವ ಪ್ರೋಗ್ರಾಂ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಆ ಪ್ರೋಗ್ರಾಮಿನ ಒಳಗೊಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಹಲಸಿನ ತೊಳೆಯೊಳಗೆ ಬೀಜವಿದ್ದಂತೆ, ಇಂಗ್ಲಿಷಿನಲ್ಲಿ ಅದಕ್ಕೆ ಕರ್ನಲ್, ಎಂದರೆ ಬೀಜದ ತಿರುಳು, ಎಂದೇ ಹೆಸರು. ಚಿಪ್ಪಿಗೆ ಇರುವುದು ಒಂದೇ ತಲೆ, ಕೆಲಸಗಳು ಹಲವು: ಕೈಗಳನ್ನು ನೋಡಬೇಕು, ತಗಡನ್ನು ಮುಂದಕ್ಕೆ ತಳ್ಳಬೇಕು, ಎಷ್ಟಾಯಿತೆಂದು ಎಣಿಸಬೇಕು. ಯಾವುದಕ್ಕೆ ಯಾವಾಗ ಸರದಿ ಎಂದು ಹಂಚುವುದು ಕರ್ನಲ್ಲು. ಅದೂ ಹೊತ್ತಿಗೆ ಸರಿಯಾಗಿ ಹಂಚಬೇಕು. ಬೆರಳು ಹೋದಮೇಲೆ ಯಂತ್ರವನ್ನು ನಿಲ್ಲಿಸಿದರೆ ಯಾರಿಗೆ ಬೇಕು ಆ ಜಾಣತನ? ಅದಕ್ಕೇ ಅವಸರದ ಸುದ್ದಿಗಳು ಸರದಿ ಕಾಯದೆ ನುಗ್ಗುವ ಹಕ್ಕು ಪಡೆದಿರುತ್ತವೆ. ಅದು ಇಂಟರಪ್ಟ್. ಅಮ್ಮನಿಗೆ ವಿವರಿಸಿದಾಗ "ನಡುವೆ ಬಾಯಿ ಹಾಕೋದು ಅನ್ನು" ಎಂದಳು, ಅಷ್ಟು ಚೆನ್ನಾಗಿ ನಮ್ಮ ಪುಸ್ತಕಗಳೂ ಹೇಳಿರಲಿಲ್ಲ.

ನಡುವೆ ಬಾಯಿ ಹಾಕುವುದರಲ್ಲಿ ನಮ್ಮ ಮನೆಗಿಂತ ದೊಡ್ಡ ಪಾಠಶಾಲೆ ಇಲ್ಲ. ಅಮ್ಮ ಮುದ್ದೆ ತೊಳಸುತ್ತಿರುತ್ತಾಳೆ. ಕರು ಹಗ್ಗ ಬಿಚ್ಚಿಕೊಂಡು ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಕೋಲು ಬಿಟ್ಟು ಓಡುತ್ತಾಳೆ. ಕರುವನ್ನು ಎಳೆಯುವಾಗಲೇ ಪಕ್ಕದ ಮನೆಯವಳು ಹೆಪ್ಪಿಗೆ ಮಜ್ಜಿಗೆ ಕೇಳುತ್ತಾಳೆ. ಕರುವಿನ ಹಗ್ಗವನ್ನು ಕಾಲಲ್ಲಿ ಮೆಟ್ಟಿಕೊಂಡೇ, ಯಾವ ಗಡಿಗೆಯಲ್ಲಿ ಮಜ್ಜಿಗೆಯಿದೆ ಎಂದು ಅವಳಿಗೆ ಹೇಳಿ, ಕರು ಕಟ್ಟಿ, ತಿರುಗಿ ಬಂದು ತೊಳಸತೊಡಗಿದರೆ ಮುದ್ದೆಯಲ್ಲಿ ಒಂದು ಗಂಟಿಲ್ಲ. ಕೊನೆಗೆ ಬಂದದ್ದನ್ನು ಮೊದಲು ಮುಗಿಸಿ, ಬಿಟ್ಟಲ್ಲಿಗೇ ತಪ್ಪದೆ ಮರಳುವ ಆ ಲೆಕ್ಕವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆದರೆ ಅವಳಿಗೂ ಒಂದು ಗಳಿಗೆಯಿತ್ತು. ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ಯಾರಾದರೂ ಕರೆದರೆ "ಈಗ ಮಾತಾಡಿಸಬ್ಯಾಡ್ರಿ!" ಎಂದು ಕಿರುಚುತ್ತಿದ್ದಳು. ಪಾತ್ರೆ ನೆಲಕ್ಕೆ ತಾಕುವವರೆಗೆ ಅವಳ ಕಿವಿಗೆ ಬೀಗ. ನಮ್ಮ ಚಿಪ್ಪಿಗೂ ಹಾಗೆಯೇ ಒಂದು ಬೀಗ ಬೇಕಾಗುತ್ತದೆ. ಎರಡು ಕೈಗಳ ಸಂಗತಿಯನ್ನು ಬರೆದಿಡುವಾಗ, ಎಡಗೈಯದು ಬರೆದು ಬಲಗೈಯದು ಬರೆಯುವ ಮೊದಲು ಯಾರಾದರೂ ನುಗ್ಗಿದರೆ, ಅರ್ಧ ಹಳೆಯದು ಅರ್ಧ ಹೊಸದು ಸೇರಿ, ಇಲ್ಲದ ಕೈ ಇದ್ದಂತೆ ಕಾಣುತ್ತದೆ. ಅಷ್ಟು ಹೊತ್ತು ಬಾಗಿಲು ಹಾಕಿ, ಬರೆದು, ಬಾಗಿಲು ತೆರೆಯಬೇಕು.

ಅಂಥ ಬೀಗಗಳನ್ನು ಬರೆದವಳು ನಾನು. ಒಂದೊಂದು ಬೀಗವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದವಳೂ ನಾನೇ. ಮೇಜಿನ ಮೇಲೆ ಎರಡು ಬಟನ್ನು, ಪ್ರೆಸ್ಸಿನ ಬದಲಿಗೆ ಒಂದು ಕೆಂಪು ಬಲ್ಬು. ಬಲ್ಬು ಹತ್ತಿದರೆ ಪ್ರೆಸ್ಸು ಇಳಿಯಿತೆಂದು ತಿಳಿಯಬೇಕು. ವಾರವಿಡೀ ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ತಪ್ಪು ಸಿಕ್ಕಿದರೆ ಚಿಪ್ಪನ್ನು ಕಿತ್ತು ನೇರಳೆ ದೀಪದ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಇಟ್ಟು ಹಳೆಯ ಬರಹ ಅಳಿಸಿ ಹೊಸದನ್ನು ತುಂಬಬೇಕು. ಆ ಅರ್ಧ ಗಂಟೆಗಳಲ್ಲಿ ನಾನು ತಿಂದ ಹುರಿದ ಕಡಲೆಕಾಯಿಗೆ ಮಿತಿಯಿಲ್ಲ. ಶನಿವಾರದ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಸೋಮವಾರ ಪೆಟ್ಟಿಗೆ ಪ್ರೆಸ್ಸಿಗೆ ಕೂರಬೇಕು. ಯಾವ ಪ್ರೆಸ್ಸಿಗೆ ಎಂದು ಬೇರೆ ಹೇಳಬೇಕೇ? ಇಡೀ ಶೆಡ್ಡಿನಲ್ಲಿ ಸಮಾಧಾನದ ಆಳು ಎಂದು ಮುನಿರಾಜ ಮಾವನ ಪ್ರೆಸ್ಸನ್ನೇ ಆರಿಸಿದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಸುಮ್ಮನೆ ಕೈ ಆಡಿಸುತ್ತ ಕೂತಿದ್ದೆ. ಎಡಗೈ ಬಿಟ್ಟಿದ್ದೆ, ಬಲಗೈ ಮಾತ್ರ ಬಟನ್ನಿನ ಮೇಲಿತ್ತು. ಕೆಂಪು ಬಲ್ಬು ಒಂದು ಸಲ ಮಿಣುಕ್ ಎಂದಿತು.

ಒಂದೇ ಸಲ. ಅದಾದಮೇಲೆ ನಾನು ಮುನ್ನೂರು ಸಲ ಒತ್ತಿರಬೇಕು, ನಾನೂರು ಸಲ ಒತ್ತಿರಬೇಕು, ಬಲ್ಬು ಮಹಾಪತಿವ್ರತೆಯಂತೆ ಕಣ್ಣೆತ್ತಲಿಲ್ಲ. ಸೌಂದರರಾಜನ್ ಸಾರಿಗೆ ಹೇಳಿದೆ. ಅವರು ಬಂದು, ಬಟನ್ನನ್ನು ಅಲ್ಲಾಡಿಸಿ ನೋಡಿ, "ವಿಡುಮ್ಮಾ, ಬಟನ್ ಲೂಸು. ಬೇರೆ ಹಾಕಿದ್ರೆ ಸರಿ ಹೋಗುತ್ತೆ" ಎಂದರು. ಬಟನ್ನು ನಿಜಕ್ಕೂ ಸಡಿಲವಿತ್ತು. ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ತಪ್ಪು ನನ್ನದಲ್ಲ, ಬಟನ್ನಿನದು! ನನ್ನಲ್ಲಿ ಮೊದಲಿಂದಲೂ ಈ ಕೆಟ್ಟ ಬುದ್ಧಿಯುಂಟು. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನ ಮೇಲೆಯೇ ಹೇಳುವವಳು ನಾನು. ಅದೇ ಸಂತೋಷದಲ್ಲಿದ್ದಾಗ ಮಾವ ಪಾಳಿ ಮುಗಿಸಿ ಗಾಜಿನ ಬಾಗಿಲಿನಿಂದ ತಲೆ ಹಾಕಿದ.

"ಏನವ್ವಾ, ಸೋಮಾರ ನಿನ್ ಪೆಟ್ಗೆ ಬತ್ತದಂತೆ. ಕೈ ಇಡ್ಬೋದಾ?"

"ಇಡು ಮಾವ" ಎಂದೆ.

ಹೊಸೂರಿನಿಂದ ಕೆಲಮಂಗಲಕ್ಕೆ ಬಸ್ಸಿನಲ್ಲಿ ಅವನ ಪಕ್ಕವೇ ಕೂತು ಬಂದೆ. ಅವನು ಕಂಬಿ ಹಿಡಿದು ತೂಕಡಿಸುತ್ತಿದ್ದ. ನಾನು ಆ ಕೈಯನ್ನೇ ನೋಡುತ್ತಿದ್ದೆ. ಉಗುರಿನ ಸುತ್ತ ಎಣ್ಣೆ ಕರೆ, ಹೆಬ್ಬೆರಳಿನ ಮೇಲೆ ಕುಡುಗೋಲಿನ ಹಳೆಯ ಗಾಯ. ಬಟನ್ನು ಸಡಿಲವಾಗಿದ್ದರೆ ಬಲ್ಬು ಹತ್ತದೆ ಇರಬೇಕಿತ್ತಲ್ಲ, ಹತ್ತಿದ್ದೇಕೆ? ಬಿಟ್ಟ ಕೈಯನ್ನು ಇದೆ ಎಂದು ಅದು ಹೇಳಿದ್ದೇಕೆ? ಬಸ್ಸು ಊರು ತಲುಪುವ ಹೊತ್ತಿಗೆ ನನ್ನ ಸಂತೋಷ ಪೂರ್ತಿ ಇಳಿದುಹೋಗಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಅಮ್ಮ ದೃಷ್ಟಿ ತೆಗೆದಳು.

ಮರುದಿನ ಭಾನುವಾರ. ಪಂಪು ಸೋರುತ್ತಿದೆಯೆಂದು ಅಪ್ಪ, ಮಾವ ಬಾವಿಗೆ ಇಳಿದರು. ಗುಡಿಸಲಿನ ಕಂಬದ ಮೊಳೆಗಳಲ್ಲಿ ಎರಡು ಟವಲು ನೇತಾಡುತ್ತಿದ್ದವು, ಅಪ್ಪನ ಹಸಿರು ಗೆರೆಯದು, ಮಾವನ ಕೆಂಪಂಚಿನದು. ನಾನೂ ಅಮ್ಮನೂ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಮಾವ ಹತ್ತಿ ಬಂದ, ತನ್ನ ಟವಲು ತೆಗೆದು ಮುಖ ಒರೆಸಿಕೊಂಡ, ನೀರು ಕುಡಿಯಲು ಹೋದ. ಅಮ್ಮ ತಲೆಯೆತ್ತಿ ಕಂಬ ನೋಡಿದಳು. ಒಂದು ಟವಲು ಇನ್ನೂ ಇತ್ತು. ಮತ್ತೆ ಅವರೆಕಾಯಿಗೆ ಬಗ್ಗಿದಳು.

ನನ್ನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಚಿಕ್ಕಂದಿನಿಂದ ನೂರು ಸಲ ನೋಡಿದ್ದ ನೋಟ ಅದು. ನಾನು ಚಿಪ್ಪಿನೊಳಗೆ ಎರಡಾಳಿಗೆ ಒಂದೇ ಟವಲು ಹಾಕಿದ್ದೆ!

ನಡೆದದ್ದು ಇಷ್ಟು. ಕೈಗಳನ್ನು ನೋಡುವ ಕೆಲಸಕ್ಕೆ ಒಂದು ಬೀಗ ಬರೆದಿದ್ದೆ: ಬರುವಾಗ ಮುಚ್ಚು, ಹೋಗುವಾಗ ತೆರೆ. ಎಣಿಸುವ ಕೆಲಸವೂ ಪ್ರತಿ ಸಲ ಕೈಗಳ ಸಂಗತಿಯನ್ನು ತಿದ್ದಿ ಬರೆಯುತ್ತಿತ್ತು, ಅದಕ್ಕೂ ಅಂಥದೇ ಬೀಗ. ಕೊನೆಯ ವಾರದಲ್ಲಿ, ಎಣಿಸುವ ಕೆಲಸ ತನ್ನ ಬೀಗದೊಳಗಿರುವಾಗಲೇ ಕೈ ನೋಡುವ ಕೆಲಸವನ್ನು ಕರೆಯುವಂತೆ ಮಾಡಿದ್ದೆ. ಬೀಗದೊಳಗೊಂದು ಬೀಗ, ಬಾಗಿಲು ಮಾತ್ರ ಒಂದೇ. ಒಳಗಿನವನು ತನ್ನ ಕೆಲಸ ಮುಗಿಸಿ, ಅಭ್ಯಾಸದಂತೆ, ಬಾಗಿಲು ತೆರೆದು ಹೊರಟ. ಹೊರಗಿನವನು ಬಾಗಿಲು ಇನ್ನೂ ಹಾಕಿದೆ ಎಂದುಕೊಂಡು ಅರ್ಧ ಬರೆದ ಲೆಕ್ಕದ ಮುಂದೆ ಕೂತೇ ಇದ್ದ. ಆ ಸಂದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಿರಿದು. ಅಷ್ಟರೊಳಗೆ ಯಾವುದಾದರೂ ಇಂಟರಪ್ಟು ನುಗ್ಗಿದರೆ ಮಾತ್ರ ಅನಾಹುತ. ನುಗ್ಗದಿದ್ದರೆ ಎಲ್ಲ ಚೆಂದ. ಅದಕ್ಕೇ ಬಲ್ಬು ಒಂದೇ ಸಲ ಮಿಣುಕಿತ್ತು. ಒಂದೊಂದು ಬೀಗವನ್ನೂ ಒಂಟಿಯಾಗಿ ಪರೀಕ್ಷಿಸಿದ್ದೆನಲ್ಲ, ಒಂಟಿಯಾಗಿ ಎರಡೂ ಚಿನ್ನದಂಥವು.

ಒಂದು ನಿಮಿಷ ಇಲ್ಲಿ ದಾರಿ ತಪ್ಪುತ್ತೇನೆ, ಮನ್ನಿಸಿ. ಈ ತಪ್ಪು ಚಿಪ್ಪಿನದು ಮಾತ್ರವಲ್ಲ. ಅಮ್ಮ ಅಪ್ಪನ ಜೊತೆ ಮಾತು ಬಿಡುವಾಗ ಸಾಮಾನ್ಯವಾಗಿ ಎರಡು ಮೂರು ಕಾರಣ ಒಂದರೊಳಗೊಂದು ಇರುತ್ತವೆ. ತಂಗಿಯ ಮನೆಯ ನಾಮಕರಣಕ್ಕೆ ಕಳಿಸಲಿಲ್ಲ ಎಂಬುದು ಹೊರಗಿನದು, ಸಂತೆಯಿಂದ ಕೊತ್ತಂಬರಿ ತರಲಿಲ್ಲ ಎಂಬುದು ಒಳಗಿನದು. ಅಪ್ಪ ಓಡಿಹೋಗಿ ಕೊತ್ತಂಬರಿ ತಂದುಕೊಟ್ಟು, ಎಲ್ಲ ಸರಿಹೋಯಿತೆಂದು ನಂಬಿ, ಧಾರಾಳವಾಗಿ ಊಟದ ಬಗ್ಗೆ ಒಂದು ಮಾತಾಡಿ, ಹುಣಸೆ ಬರಲಿನ ಏಟು ತಿಂದವನಂತೆ ಹೊರಗೆ ಬಂದು ಜಗಲಿಯಲ್ಲಿ ಕೂರುತ್ತಾನೆ. ಮೊಳೆಯ ಮೇಲೆ ಇನ್ನೊಂದು ಟವಲು ಇದೆಯೆಂದು ಪಾಪ ಅವನಿಗೆ ಕಂಡಿರುವುದಿಲ್ಲ. ನಾನೂ ಮದುವೆಯಾದ ಮೇಲೆ ಟವಲುಗಳನ್ನು ಕಣ್ಣಿಗೆ ಕಾಣುವಂತೆ ನೇತುಹಾಕುವುದನ್ನು ರೂಢಿಸಿಕೊಳ್ಳಲು ಯತ್ನಿಸುತ್ತಿದ್ದೇನೆ, ಇನ್ನೂ ಪೂರ್ತಿ ಬಂದಿಲ್ಲ.

ಬಾವಿಯ ಹತ್ತಿರಕ್ಕೆ ಮರಳೋಣ. ಮಾವ ನೀರು ಕುಡಿದು ಬಂದ. ನಾನು ಎದ್ದು ನಿಂತೆ. ಹೇಳಬೇಕಾದದ್ದು ನಾಲ್ಕೇ ಮಾತು, ಆದರೆ ಊರಿನಲ್ಲಿ ನಾನು ಡಿಪ್ಲೊಮಾ ಓದಿದ ಪದ್ಮ. ನನ್ನ ಪೆಟ್ಟಿಗೆಯ ಸುದ್ದಿಯನ್ನು ಮಾವ ಹೋಟೆಲಿನಲ್ಲಿ ಕೂತು ಎಷ್ಟು ಜನರಿಗೆ ಹೇಳಿಕೊಂಡಿದ್ದನೋ.

"ಮಾವ, ನಾಳೆ ಕೈ ಇಡಬೇಡ. ನಿನ್ನೆ ನಾನು ಹೇಳಿದ್ದು ತಪ್ಪು. ಪೆಟ್ಟಿಗೆಯಲ್ಲಿ ತಪ್ಪಿದೆ. ತಪ್ಪು ನಂದೇ" ಎಂದುಬಿಟ್ಟೆ.

ಅಮ್ಮ ಸುಲಿಯುವುದನ್ನು ನಿಲ್ಲಿಸಿದಳು. ಮಾವ ನನ್ನನ್ನೇ ನೋಡಿದ.

"ಹೇಳ್ಬುಟ್ಟೆಯಲ್ಲವ್ವ, ಬುಡು. ಇಡಾಕಿಲ್ಲ" ಎಂದ. ಎರಡು ಮೆಟ್ಟಿಲು ಇಳಿದವನು ತಿರುಗಿ ನಿಂತು, ದನಿ ತಗ್ಗಿಸಿ, "ಅವತ್ತು ನಾನು ಟವಲ್ ತಕ್ಕೊಂಡ್ ಹೋಗಿದ್ನಲ್ಲ, ನಿಮ್ಮಪ್ಪ ಒಂದ್ ಮಾತೂ ಅನ್ನಲಿಲ್ಲ ಕಣವ್ವ" ಎಂದ. ಆಮೇಲೆ ನೆನಪಾದವನಂತೆ ಮತ್ತೆ ಮೇಲೆ ಬಂದು, ಹೆಗಲ ಮೇಲಿನ ಟವಲನ್ನು ಮೊಳೆಗೆ ಹಾಕಿ ಇಳಿದುಹೋದ. ನನಗೆ ಅಳು ಬಂತು. ಅವರೆಕಾಯಿ ಸುಲಿಯುತ್ತ ಯಾರಾದರೂ ಅಳುವುದುಂಟೇ ಎಂದು ಅಮ್ಮ ಗದರಿದಳು, ಅವಳ ಕಣ್ಣೂ ಒದ್ದೆಯಾಗಿತ್ತು.

ಸೋಮವಾರ ಸೌಂದರರಾಜನ್ ಸಾರಿಗೆ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ. ಹೊಸ ಬಟನ್ನು ಹಾಕಿಸಿ ಕಾದಿದ್ದರು, ಮೇಲಿನವರಿಗೆ ಮಾತು ಕೊಟ್ಟಿದ್ದರು. "ಒಂದು ಸಲ ಮಿಣುಕಿದ್ದಕ್ಕೆ ಇಷ್ಟು ಗಲಾಟೆನಾ?" ಎಂದರು. ನಾನು ವಾದ ಮಾಡಲಿಲ್ಲ. ಒಂದು ಪರೀಕ್ಷೆಗೆ ಮಾತ್ರ ಅವಕಾಶ ಕೇಳಿದೆ. ಸಂದು ಕಿರಿದಾದ್ದರಿಂದಲ್ಲವೇ ಕಳ್ಳ ಸಿಕ್ಕುತ್ತಿಲ್ಲ? ಸಂದನ್ನೇ ಅಗಲ ಮಾಡಿದೆ. ಒಳಗಿನ ಬೀಗ ತೆರೆದು ಹೊರಗಿನದು ಇನ್ನೂ ಮುಚ್ಚಿರಬೇಕಾದ ಆ ಜಾಗದಲ್ಲಿ, ಏನೂ ಮಾಡದೆ ಐದು ಸೆಕೆಂಡು ಸುಮ್ಮನಿರು ಎಂದು ಚಿಪ್ಪಿಗೆ ಬರೆದೆ. ಹೊರಗಿನ ಬೀಗ ನಿಜಕ್ಕೂ ಬಿದ್ದಿದ್ದರೆ ಆ ಐದು ಸೆಕೆಂಡಿನಲ್ಲಿ ಯಾರು ಕದ ತಟ್ಟಿದರೂ ಬಲ್ಬು ಹತ್ತಬಾರದು. ನೇರಳೆ ದೀಪದಲ್ಲಿ ಅರ್ಧ ಗಂಟೆ, ತುಂಬಿಸಲು ಹತ್ತು ನಿಮಿಷ. ಎಡಗೈ ಬಿಟ್ಟೆ, ಬಲಗೈ ಇಟ್ಟೆ, ಇಂಟರಪ್ಟು ನುಗ್ಗಿಸಲೆಂದು ಹೊಸದಾಗಿ ಸೇರಿಸಿದ್ದ ಮೂರನೆಯ ಗುಂಡಿ ಒತ್ತಿದೆ.

ಕೆಂಪು ಬಲ್ಬು ಝಗ್ಗನೆ ಹತ್ತಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಹತ್ತಿತು. ಹತ್ತು ಸಲ ಒತ್ತಿದರೆ ಹತ್ತು ಸಲವೂ ಹತ್ತಿತು.

ಸೌಂದರರಾಜನ್ ಸಾರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಗಾಜಿನಾಚೆ ಮಾವನ ಪ್ರೆಸ್ಸು ಹಳೆಯ ಸರಳುಗಳ ಕಾವಲಿನಲ್ಲಿ ಧಡ್, ಧಡ್ ಎಂದು ನಡೆಯುತ್ತಿತ್ತು. ಆ ಕಡೆಗೊಮ್ಮೆ ನೋಡಿ, "ನಲ್ಲ ವೇಳೆ" ಎಂದರು. ಸದ್ಯ, ಬದುಕಿದೆವು ಎಂದು ನಾವು ನಿಟ್ಟುಸಿರು ಬಿಡುವ ಕಡೆ ತಮಿಳರು ಹೇಳುವ ಮಾತು ಅದು. ಅಂದಿನಿಂದ ನನಗೆ ಆ ಭಾಷೆಯಲ್ಲಿ ಅದಕ್ಕಿಂತ ಇಷ್ಟವಾದ ಮಾತಿಲ್ಲ.

ಸರಿಪಡಿಸಿದ್ದು ಎಷ್ಟು ಎಂದು ಕೇಳಿದರೆ ನಗುತ್ತೀರಿ. ಒಂದು ಎಣಿಕೆ ಸೇರಿಸಿದೆ, ಅಷ್ಟೇ. ಒಳಗೆ ಬರುವವರು ಒಂದು ಕೂಡಿಸಬೇಕು, ಹೋಗುವವರು ಒಂದು ಕಳೆಯಬೇಕು, ಸೊನ್ನೆಯಾದರೆ ಮಾತ್ರ ಬಾಗಿಲು. ಅಮ್ಮನ ಮೂರು ಮೊಳೆ. ಆದರೆ ಪರೀಕ್ಷೆ ಮಾತ್ರ ಎರಡು ದಿನ ಹಿಡಿಯಿತು. ಬೀಗದೊಳಗೆ ಬೀಗ, ಅದರೊಳಗೆ ಇನ್ನೊಂದು ಬೀಗ ಹಾಕಿ ಒಂದೊಂದು ಮೆಟ್ಟಿಲಿನಲ್ಲೂ ಕದ ತಟ್ಟಿ ನೋಡಿದೆವು. ಒಂದು ಇಂಟರಪ್ಟಿನ ನಡುವೆ ಇನ್ನೊಂದನ್ನು, ಅದರ ನಡುವೆ ಮತ್ತೊಂದನ್ನು ನುಗ್ಗಿಸಿ, ಎಲ್ಲರೂ ಬಂದ ದಾರಿಯಲ್ಲೇ ಹಿಂದಿರುಗಿದರೇ, ಕೊನೆಯಲ್ಲಿ ಎಣಿಕೆ ಸೊನ್ನೆಗೆ ನಿಂತಿತೇ ಎಂದು ನೋಡಿದೆವು. ಯಾರಾದರೂ ಹಾಕದ ಟವಲನ್ನು ತೆಗೆದುಕೊಂಡು ಹೋದರೆ, ಎಂದರೆ ಎಣಿಕೆ ಸೊನ್ನೆಗಿಂತ ಕೆಳಗಿಳಿದರೆ, ಪ್ರೆಸ್ಸನ್ನೇ ನಿಲ್ಲಿಸಿಬಿಡುವಂತೆಯೂ ಬರೆದೆವು. ಮಾವನ ಪ್ರೆಸ್ಸಿನ ಮೇಲಿದ್ದ ಹಳೆಯ ಸರಳುಗಳನ್ನು ಕಿತ್ತುಹಾಕುವ ಯೋಚನೆಯನ್ನು ಸೌಂದರರಾಜನ್ ಸಾರು ತಾವಾಗಿಯೇ ಬಿಟ್ಟರು. ಅವೂ ಇರಲಿ, ಇದೂ ಇರಲಿ ಎಂದರು.

ಬುಧವಾರ ಪೆಟ್ಟಿಗೆ ಪ್ರೆಸ್ಸಿಗೆ ಕೂತಿತು. ಮಾವ ಬಂದವನೇ ಎಲ್ಲರೆದುರು ತನ್ನ ಕೆಂಪಂಚಿನ ಟವಲನ್ನು ನನ್ನ ಹೊಸ ಪೆಟ್ಟಿಗೆಯ ಮೇಲೆ ಹೊದಿಸಿದ. ಫಿಟ್ಟರುಗಳು ನಕ್ಕರು. ನನಗೆ ಮುಖ ಸಣ್ಣದಾಯಿತು.

"ಏನ್ ಮಾವ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ ಮ್ಯಾಲೆ ಐತೆ ಕಣವ್ವ. ಅದ್ಕೇ ನಿನ್ನೇ ಕೇಳ್ತಿರೋದು. ಕೈ ಇಡ್ಬೋದಾ?"

ಈ ಸಲ ನಾನು ತಕ್ಷಣ ಹೇಳಲಿಲ್ಲ. ಯಂತ್ರದ ಬಾಯಿಗೆ ಒಂದು ಮರದ ತುಂಡು ಇಡಿಸಿದೆ. ಎಡಗೈ ಬಿಡಿಸಿದೆ, ಬಲಗೈ ಬಿಡಿಸಿದೆ, ಅರ್ಧ ದಾರಿಯಲ್ಲಿ ಬಿಡಿಸಿದೆ. ಮರದ ತುಂಡಿನ ಮೇಲೆ ಒಂದು ಗೀರೂ ಬೀಳಲಿಲ್ಲ. ಎರಡೂ ಕೈ ಇಟ್ಟು ಒತ್ತಿದಾಗ ಮಾತ್ರ ಪ್ರೆಸ್ಸು ಇಳಿದು ತುಂಡು ಚಕ್ಕೆಯಾಯಿತು. ಇನ್ನೊಮ್ಮೆ ಮಾಡಿಸಿದೆ. ಫಿಟ್ಟರುಗಳಿಗೆ ಬೇಸರ ಬಂದು ಒಬ್ಬೊಬ್ಬರಾಗಿ ಚಹಾಕ್ಕೆ ಹೊರಟರು. ಕೊನೆಗೆ "ಇಡು ಮಾವ" ಎಂದೆ. ಅವನು ಟವಲು ತೆಗೆದು ಹೆಗಲಿಗೆ ಹಾಕಿಕೊಂಡು ಮೊದಲ ತಗಡು ಉಣಿಸಿದ.

ಇದಾಗಿ ಮೂರು ವರ್ಷ. ನಾನು ಮದುವೆಯಾಗಿ ಈ ಮನೆಗೆ ಬಂದೆ, ಮೊಳೆ ಹೊಡೆದೆ, ಯಜಮಾನರ ಕೋಪಕ್ಕೆ ಗುರಿಯಾದೆ. ಮೊನ್ನೆ ಅದೇ ಯಜಮಾನರು ತಮ್ಮ ತಮ್ಮನ ಜೊತೆ ನೀರಿನ ತೊಟ್ಟಿ ತೊಳೆಯಲು ಇಳಿಯುವ ಮೊದಲು, ಇಬ್ಬರೂ ಮಾತಿಲ್ಲದೆ ಒಂದೊಂದು ಟವಲನ್ನು ನನ್ನ ಮೊಳೆಗಳಿಗೆ ಸಿಕ್ಕಿಸಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ಹೋದ ಭಾನುವಾರ ಮಾವ ಬಂದಿದ್ದ. ಚಟ್ನಿ ರುಬ್ಬುತ್ತಿದ್ದೆ, ಮಿಕ್ಸಿ ಸಿಕ್ಕಿಕೊಂಡು ನಿಂತಿತು. ಮುಚ್ಚಳ ತೆಗೆದು ಬಗ್ಗಿ ನೋಡಿದ ಮಾವ, "ತೆಂಗಿನಕಾಯಿ ಚೂರು ಸಿಕ್ಕಂಡೈತೆ. ಕೈ ಇಡ್ಬೋದಾ?" ಎಂದ. ಒಳಗಿನಿಂದ ಗಂಡನ ನಗು ಕೇಳಿಸಿತು. ನಾನು ಸ್ವಿಚ್ಚು ಆರಿಸಿದೆ. ಆಮೇಲೆ ಪ್ಲಗ್ಗನ್ನೂ ಕಿತ್ತು ನನ್ನ ಮುಷ್ಟಿಯಲ್ಲಿ ಹಿಡಿದುಕೊಂಡೆ. "ಇಡು ಮಾವ" ಎಂದೆ. ಅವನು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಕೈ ತೊಳೆದು, ಹಿತ್ತಲಿಗೆ ಹೋಗಿ, ಮೊಳೆಗೆ ಹಾಕಿದ್ದ ತನ್ನ ಟವಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. ಪ್ಲಗ್ಗು ನನ್ನ ಮುಷ್ಟಿಯಲ್ಲಿ ಇನ್ನೂ ಇತ್ತು. ಬಾಗಿಲಲ್ಲಿ ನಿಂತು ಎಣಿಸಿದೆ. ಹತ್ತೂ ಇದ್ದವು.